ದೊಡ್ಡೆಣಿಕೆಯ ಊರು

ನಮ್ಮ ಊರಿನ ಸುತ್ತ ಗೋಡೆ ಇದೆ, ಗೋಡೆಗೆ ಒಂದೇ ಬಾಗಿಲಿದೆ, ಗೋಡೆಯ ಒಳಮೈ ತುಂಬ ಅಂಕಿಗಳಿವೆ. ಒಂದು ಕಲ್ಲಿಗೆ ಒಂದು ಅಂಕಿ. ಬಾಗಿಲ ಬಲಗಡೆ ಮೊದಲ ಕಲ್ಲು, ಅಲ್ಲಿಂದ ಊರನ್ನೆಲ್ಲ ಬಳಸಿ ಬಂದು ಬಾಗಿಲ ಎಡಗಡೆ ಕೊನೆಯ ಕಲ್ಲು. ಇಷ್ಟೂ ಅಂಕಿ ಸೇರಿ ಒಂದೇ ಸಂಖ್ಯೆ. ಅದನ್ನು ಓದಿ ಹೇಳಲು ಯಾರಿಗೂ ಬಾರದು. ಲಕ್ಷ, ಕೋಟಿ ಎಂದು ಹುರುಪಿನಿಂದ ಶುರು ಮಾಡಿದವರೂ ಮೊದಲ ತಿರುವು ಬರುವಷ್ಟರಲ್ಲಿ ಹೆಸರುಗಳು ಮುಗಿದು ಸುಮ್ಮನಾಗುತ್ತಾರೆ. ಅದಕ್ಕೇ ನಾವು ಅದನ್ನು ದೊಡ್ಡೆಣಿಕೆ ಎನ್ನುತ್ತೇವೆ.

ಊರು ಕಟ್ಟಿದ ಹಿರಿಯರು ಅದನ್ನು ಕೆತ್ತಿಸಿದರಂತೆ. ಒಡೆಯದ್ದನ್ನು ಗೋಡೆಯ ಮೇಲೆ ಇಟ್ಟರೆ ಊರೂ ಒಡೆಯುವುದಿಲ್ಲ ಎಂಬುದು ಅವರ ಎಣಿಕೆ. ದೊಡ್ಡೆಣಿಕೆಯನ್ನು ಯಾರೂ ಸಮಪಾಲಾಗಿ ಹಂಚಲಾರರು. ಹೇಗೆ ಹಂಚಿದರೂ ಒಂದಿಷ್ಟು ಮಿಕ್ಕೇ ಮಿಗುತ್ತದೆ. ಆ ಮಿಕ್ಕಿದ ಒಂದಿಷ್ಟರಲ್ಲೇ ನಮ್ಮ ಬಾಳು ಇದೆ. ಇದನ್ನು ನಾವು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇವೆ. ಅಷ್ಟುದ್ದದ್ದು ಎಲ್ಲಾದರೂ ಒಡೆಯುತ್ತದೆಯೇ ಎಂದು ನಾವೂ ತಲೆಯಾಡಿಸಿದೆವು. ಉದ್ದವಾಗಿರುವುದೆಲ್ಲ ಗಟ್ಟಿ ಎಂದು ತಿಳಿದ ದಡ್ಡರು ನಾವು.

ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಂದು ಎಣಿಕೆ ಉಂಟು. ಐದರ ಮನೆ, ಏಳರ ಮನೆ, ಹನ್ನೊಂದರ ಮನೆ, ಹದಿಮೂರರ ಮನೆ, ಹದಿನೇಳರ ಮನೆ, ಹೀಗೆ. ಮಗು ಹುಟ್ಟಿದರೆ ತಂದೆಯ ಮನೆಯ ಎಣಿಕೆಯನ್ನು ತಾಯಿಯ ತವರಿನ ಎಣಿಕೆಯಿಂದ ಗುಣಿಸಿ, ಬಂದದ್ದನ್ನು ಅದರ ಕಿವಿಯಲ್ಲಿ ಹೇಳುತ್ತಾರೆ. ಹೆಸರು ಮಾತ್ರ ಇಡುವುದಿಲ್ಲ. ಗೋಡೆ ನಡೆದು ಬರುವ ತನಕ ಗಂಡಾಗಲಿ ಹೆಣ್ಣಾಗಲಿ ಬರೀ ಕೂಸು. ಹಾಲುಹಲ್ಲು ಉದುರಿ ಹೊಸ ಹಲ್ಲು ಬಂದ ವರ್ಷ ಕೂಸು ಗೋಡೆ ನಡೆಯಬೇಕು.

ಗೋಡೆ ನಡೆಯುವುದೆಂದರೆ ಹೀಗೆ. ಕೂಸು ಮೊದಲ ಕಲ್ಲಿನ ಮುಂದೆ ನಿಂತು, ಆ ಕಲ್ಲಿನ ಅಂಕಿಯಷ್ಟು ಹುಣಿಸೆ ಬೀಜ ಮಡಿಲಿಗೆ ಹಾಕಿಕೊಳ್ಳುತ್ತದೆ. ಎರಡನೆಯ ಕಲ್ಲಿಗೆ ಬಂದು, ಮಡಿಲಲ್ಲಿದ್ದದ್ದನ್ನು ಹತ್ತು ಪಟ್ಟು ಮಾಡಿ, ಆ ಕಲ್ಲಿನ ಅಂಕಿಯನ್ನು ಕೂಡಿಸುತ್ತದೆ. ಬೀಜದ ಕುಕ್ಕೆ ಹೊತ್ತ ಅತ್ತೆಯರು, ಚಿಕ್ಕಮ್ಮಂದಿರು ಹಿಂದೆಯೇ ಬರುತ್ತಿರುತ್ತಾರೆ. ಆಮೇಲೆ ಕೂಸು ನೆಲದ ಮೇಲೆ ಕುಳಿತು ತನ್ನ ಎಣಿಕೆಯಷ್ಟರ ಗುಡ್ಡೆಗಳನ್ನು ಮಾಡಿ ಅಲ್ಲೇ ಬಿಟ್ಟು, ಗುಡ್ಡೆಗೆ ಸಾಲದೆ ಮಿಕ್ಕಿದ್ದನ್ನು ಮಾತ್ರ ಮಡಿಲಿಗೆ ಸುರಿದುಕೊಂಡು ಮುಂದಿನ ಕಲ್ಲಿಗೆ ಹೋಗುತ್ತದೆ. ಮತ್ತೆ ಹತ್ತು ಪಟ್ಟು, ಮತ್ತೆ ಕೂಡಿಸು, ಮತ್ತೆ ಗುಡ್ಡೆ, ಮತ್ತೆ ಮಿಕ್ಕಿದ್ದು. ಕಲ್ಲಿನಿಂದ ಕಲ್ಲಿಗೆ, ಬಿಸಿಲಿನಿಂದ ಬಿಸಿಲಿಗೆ. ಕೊನೆಯ ಕಲ್ಲಿನ ಬಳಿ ಬಾಗಿಲು ಕಾಯುವ ಅಜ್ಜಿ ಕುಳಿತಿರುತ್ತಾಳೆ. ಅವಳು ಕೇಳುತ್ತಾಳೆ:

"ಏನು ಉಳೀತು, ಕೂಸೇ?"

ಕೂಸು ಮಡಿಲು ಬಿಚ್ಚಿ ತೋರಿಸುತ್ತದೆ: "ಇಷ್ಟು ಉಳೀತು."

ಊರೆಲ್ಲ ಒಂದೇ ದನಿಯಲ್ಲಿ ಹೇಳುತ್ತದೆ: "ಉಳಿದದ್ದು ಉಳಿಸಲಿ."

ಉಳಿದ ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಬಿಗಿಯುತ್ತಾರೆ. ಆಗ ಹೆಸರು ಇಡುತ್ತಾರೆ. ಸಾಯುವ ತನಕ ಆ ಗಂಟು ಮೈಮೇಲೆ ಇರಬೇಕು. ಗಂಟು ದೊಡ್ಡದಿದ್ದವರು ಊಟದ ಪಂಕ್ತಿಯಲ್ಲಿ ಮುಂದೆ, ಚಿಕ್ಕದಿದ್ದವರು ಹಿಂದೆ. ಒಂದೇ ಜೋಡಿ ಮನೆಗಳಿಂದ ಹುಟ್ಟಿದವರಿಗೆಲ್ಲ ಒಂದೇ ಉಳಿಕೆ ಬರುವುದರಿಂದ, ಯಾವ ಮನೆಗೆ ಹೆಣ್ಣು ಕೊಟ್ಟರೆ ಮೊಮ್ಮಕ್ಕಳು ಎಲ್ಲಿ ಕೂರುತ್ತಾರೆಂದು ಹೆಣ್ಣಿನವರು ಮೊದಲೇ ಬೆರಳು ಮಡಿಚಿ ನೋಡಿಕೊಳ್ಳುತ್ತಾರೆ. ಹುಡುಗ ಹೇಗಿದ್ದಾನೆ ಎಂದು ಆಮೇಲೆ ಕೇಳುತ್ತಾರೆ.

ಮಡಿಲಲ್ಲಿ ಏನೂ ಉಳಿಯದಿದ್ದರೆ? ಅದಕ್ಕೂ ಕಟ್ಟಳೆ ಇದೆ. ಏನೂ ಉಳಿಯದವರಿಗೆ ಊರಿಲ್ಲ. ಅವರಿಗಾಗಿ ಬಾಗಿಲು ತೆಗೆಯಬೇಕು, ಅವರು ಹೊರಗೆ ನಡೆಯಬೇಕು, ಬಾಗಿಲು ಮುಚ್ಚಬೇಕು. ಹೊರಗೆ ಏನಿದೆ ಎಂದು ಕೇಳಿದರೆ ಬಯಲು ಎನ್ನುತ್ತಾರೆ. ಆ ಬಯಲಲ್ಲಿ ನೀರಿದೆಯೇ ನೆರಳಿದೆಯೇ ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಹಾಗೆ ಯಾರೂ ಹೋಗಿಲ್ಲ, ಬಾಗಿಲು ಯಾವತ್ತೂ ತೆಗೆದಿಲ್ಲ ಎಂದು ನಮಗೆ ಹೇಳಿಕೊಟ್ಟಿದ್ದರು.

ಇನ್ನೊಂದು ಕಟ್ಟಳೆ ಇತ್ತು. ಏಳರ ಮನೆಗೂ ಹದಿಮೂರರ ಮನೆಗೂ ಕೊಡುಕೊಳ್ಳುವುದಿಲ್ಲ. ಯಾಕೆ ಎಂದರೆ ಹಿಂದೆ ಯಾವುದೋ ಕಾಲದಲ್ಲಿ ಒಂದು ನಾಯಿಯ ವಿಷಯಕ್ಕೆ ಜಗಳ ಆಗಿತ್ತಂತೆ. ಯಾರ ನಾಯಿ ಯಾರನ್ನು ಕಚ್ಚಿತು ಎಂದು ಯಾರಿಗೂ ನೆನಪಿಲ್ಲ. ನಾಯಿ ಸತ್ತು, ಜಗಳ ಆಡಿದವರೂ ಸತ್ತು, ಕಟ್ಟಳೆ ಮಾತ್ರ ಬದುಕಿತ್ತು.

ಅದನ್ನು ಮುರಿದವರು ಏಳರ ಮನೆಯ ಒಬ್ಬ ಗಂಡು, ಹದಿಮೂರರ ಮನೆಯ ಒಬ್ಬ ಹೆಣ್ಣು. ಬಾವಿಕಟ್ಟೆಯಲ್ಲಿ ನೋಡಿದರು, ಮೆಚ್ಚಿದರು, ಮದುವೆಯಾಗುತ್ತೇವೆ ಎಂದರು. ಆಗ ಊರಿನ ಯಜಮಾನನೇ ಏಳರ ಮನೆಯವನು, ಗಂಡಿಗೆ ದಾಯಾದಿ ಅಣ್ಣ. ಅವನ ತಾಯಿ ಹದಿನೇಳರ ಮನೆಯವಳಾದ್ದರಿಂದ ಅವನ ಗಂಟಿನಲ್ಲಿ ನೂರ ಹನ್ನೆರಡು ಬೀಜ. ಅಷ್ಟು ದೊಡ್ಡ ಗಂಟು ಊರಲ್ಲಿ ಬೇರೆ ಯಾವ ಜೋಡಿ ಮನೆಯವರಿಗೂ ಇರಲಿಲ್ಲ. ಕೂತರೆ ಸೊಂಟದ ಮುಂದೆ ಅದೇ ಮೊದಲು ಕೂರುತ್ತಿತ್ತು. ಅವನು ಜೋರಾಗಿ ನಕ್ಕು, "ಒಂದು ನಾಯಿಗೋಸ್ಕರ ಮದುವೆ ನಿಲ್ಲಿಸೋದಾ? ನಡೀರಿ, ಚಪ್ಪರ ಹಾಕಿ" ಎಂದ. ಊರೆಲ್ಲ ಹೋಗಿ ಊಟ ಮಾಡಿ ಬಂದೆವು. ಪಾಯಸ ಚೆನ್ನಾಗಿತ್ತು. ಬಾಗಿಲಜ್ಜಿ ಮಾತ್ರ ಬರಲಿಲ್ಲ. ಅವಳು ಬಾಗಿಲ ಬಳಿ ಕುಳಿತು ಎದೆ ಬಡಿದುಕೊಳ್ಳುತ್ತಿದ್ದಳೆಂದು ಯಾರೋ ಹೇಳಿದರು. ವಯಸ್ಸಾಯಿತು, ಅರಳುಮರಳು ಎಂದು ಎಲೆ ಮಡಿಚಿ ಎದ್ದೆವು.

ಆ ಇಬ್ಬರಿಗೆ ಒಂದು ಹೆಣ್ಣು ಕೂಸು ಹುಟ್ಟಿತು. ಏಳು ಹದಿಮೂರಲಿ ತೊಂಬತ್ತೊಂದು ಎಂದು ಅದರ ಕಿವಿಯಲ್ಲಿ ಹೇಳಿದರು. ಕೂಸಿಗೆ ಆಟಿಕೆ ಬೇಕಿರಲಿಲ್ಲ, ಬೀಜ ಸಿಕ್ಕರೆ ಸಾಕು. ಕುಳಿತಲ್ಲಿ ಗುಡ್ಡೆ ಮಾಡುತ್ತಿತ್ತು. ಗುಡ್ಡೆಗಳು ಸಮನಾಗಿ ಬಂದು ಒಂದೂ ಮಿಗದಿದ್ದರೆ ಚಪ್ಪಾಳೆ ತಟ್ಟಿ ಕುಣಿಯುತ್ತಿತ್ತು. ಮಿಕ್ಕಿದರೆ ಮುಖ ಸಣ್ಣದು ಮಾಡಿಕೊಂಡು ಆ ಒಂಟಿ ಬೀಜವನ್ನು ಕೈಯಲ್ಲಿ ಹಿಡಿದು, "ಪಾಪ, ಇದ್ಕೆ ಜಾಗ ಸಿಗ್ಲಿಲ್ಲ" ಎನ್ನುತ್ತಿತ್ತು. ನಮ್ಮ ಊರಲ್ಲಿ ಇಂಥ ಮಾತು ಯಾರೂ ಆಡಿದ್ದಿಲ್ಲ. ಎಳೆಯದು ಎಂದು ನಕ್ಕೆವು.

ಹೊಸ ಹಲ್ಲು ಬರುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ತಾಯಿ ಹುಣಿಸೆ ಬಡಿಯುತ್ತಿದ್ದಳು. ತಂದೆ ಜಗಲಿಯಲ್ಲಿ ಮಲಗಿದ್ದ. ಕೂಸು ಅವನ ಸೊಂಟದ ಗಂಟು ಬಿಚ್ಚಿ, ಬೀಜ ಹರಡಿಕೊಂಡು ಗುಡ್ಡೆ ಮಾಡುತ್ತಿತ್ತು.

"ಅವ್ವಾ, ಅಪ್ಪನ ಬೀಜ ಏಳೇಳರಂಗೆ ಮಾಡಿದ್ರೆ ಸಮ ಆಯ್ತವೆ. ಆರು ಗುಡ್ಡೆ. ಒಂದೂ ಮಿಗಾಕಿಲ್ಲ."

"ಗಂಟು ಮುಟ್ಬಾರ್ದು ಮಗ. ಕಟ್ಟಿಡು."

"ಯಜಮಾನ ದೊಡ್ಡಪ್ಪಂದೂ ಹಂಗೇಯ. ನೆನ್ನೆ ನಿದ್ದೆ ಮಾಡ್ತಿದ್ದಾಗ ಎಣಿಸ್ದೆ. ಏಳೇಳರಂಗೆ ಹದಿನಾರು ಗುಡ್ಡೆ. ಅಷ್ಟೇ. ನಿಂದು ಏಳಕ್ಕೆ ಆಗಾಕಿಲ್ಲ. ಆದ್ರೆ ಹದಿಮೂರಕ್ಕೆ ಆಯ್ತದೆ, ಎರಡು ಗುಡ್ಡೆ."

ತಾಯಿ ಕೈಯಲ್ಲಿದ್ದ ಕೊಡತಿಯನ್ನು ಕೆಳಗಿಟ್ಟಳು. ಅವಳು ಹದಿಮೂರರ ಮನೆಯ ಮಗಳು, ಅವಳ ತಾಯಿ ಐದರ ಮನೆಯವಳು, ಅವಳ ಗಂಟಿನಲ್ಲಿ ಇಪ್ಪತ್ತಾರು ಬೀಜ. ಅವತ್ತೇ ತವರಿಗೆ ಹೋಗಿ ತನ್ನ ದೊಡ್ಡಪ್ಪ, ಸೋದರತ್ತೆ, ಅವರ ಮಕ್ಕಳು ಎಲ್ಲರ ಉಳಿಕೆ ಎಷ್ಟೆಂದು ಹಾಗೇ ಮಾತಿನ ನಡುವೆ ಕೇಳಿಕೊಂಡು ಬಂದಳು. ಎಲ್ಲವೂ ಹದಿಮೂರರ ಗುಡ್ಡೆ. ನೆರೆಯ ಹನ್ನೊಂದರ ಮನೆಯವರದ್ದು ಕೇಳಿದಳು. ಅವರ ಉಳಿಕೆ ಹನ್ನೊಂದಕ್ಕೆ ಹೊಂದಲಿಲ್ಲ. ಐದರವರದ್ದು ಐದಕ್ಕೆ ಹೊಂದಲಿಲ್ಲ. ಹೊಂದುತ್ತಿದ್ದದ್ದು ಎರಡೇ ಮನೆಯವರದ್ದು, ಅವಳ ತವರು ಮತ್ತು ಅವಳ ಗಂಡನ ಮನೆ.

ಅವಳಿಗೆ ತಿಳಿಯಿತು. ಗಂಡನ ತಾಯಿ ಹನ್ನೊಂದರ ಮನೆಯವಳಾದ್ದರಿಂದ ಅವನು ತನ್ನ ನಡಿಗೆಯಲ್ಲಿ ಬಿಟ್ಟು ಬಂದದ್ದು ಎಪ್ಪತ್ತೇಳರ ಗುಡ್ಡೆಗಳು. ಎಪ್ಪತ್ತೇಳೆಂದರೆ ಹನ್ನೊಂದು ಏಳು. ಬಿಟ್ಟು ಬಂದದ್ದೂ ಏಳುಗಳು, ಮಡಿಲಲ್ಲಿ ತಂದದ್ದೂ ಏಳುಗಳು ಎಂದಮೇಲೆ ಗೋಡೆಯ ಮೇಲಿರುವುದೆಲ್ಲ ಏಳುಗಳೇ. ತನ್ನ ಕಡೆಯಿಂದ ನೋಡಿದರೆ ಅದೇ ಗೋಡೆ ಪೂರ್ತಿ ಹದಿಮೂರುಗಳು. ದೊಡ್ಡೆಣಿಕೆ ಏಳಕ್ಕೂ ಒಡೆಯುತ್ತದೆ, ಹದಿಮೂರಕ್ಕೂ ಒಡೆಯುತ್ತದೆ. ಎರಡನ್ನೂ ಗುಣಿಸಿಕೊಂಡು ನಡೆಯುವ ಕೂಸಿನ ಮಡಿಲಲ್ಲಿ ಕೊನೆಗೆ ಏನೂ ಇರುವುದಿಲ್ಲ. ಊರವರೆಲ್ಲ ಗೋಡೆ ನಡೆದಾಗಿನಿಂದ ಸೊಂಟದಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದ ವಿಷಯ ಇದು. ಯಾರೂ ಬಿಚ್ಚಿ ಎಣಿಸಿರಲಿಲ್ಲ, ಯಾಕೆಂದರೆ ಎಷ್ಟು ಉಳಿಯಿತು ಎಂದಷ್ಟೇ ನಮಗೆ ಬೇಕಿತ್ತು.

ತಾಯಿ ಬಾಗಿಲಜ್ಜಿಯ ಬಳಿ ಹೋದಳು. ಅಜ್ಜಿ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ಪಕ್ಕದಲ್ಲಿ ಒಂದು ಎಣ್ಣೆಗಿಂಡಿ.

"ಅಜ್ಜೀ, ನನ್ನ ಕೂಸಿನ ಮಡಿಲಲ್ಲಿ ಏನೂ ಉಳಿಯಾಕಿಲ್ಲ ಅಲ್ವಾ?"

"ಬಾಗಿಲು ಕಾಯೋಳು ಕಣವ್ವ ನಾನು. ಇಲ್ಲಿ ಕಂಡದ್ದ ಆಡಾಕಿಲ್ಲ ಅಂತ ಆಣೆ ಐತೆ."

"ನಾಯಿ ಜಗಳ ಅನ್ನೋದು ಸುಳ್ಳು."

ಅಜ್ಜಿ ಗೋಡೆಯನ್ನು ನೋಡುತ್ತ, ಯಾರಿಗೋ ಹೇಳುವವಳ ಹಾಗೆ ಹೇಳಿದಳು: "ನನಗಿಂತ ಮುಂಚೆ ಇಲ್ಲಿ ಕೂತಿದ್ದ ಮುದುಕಿ ಒಂದು ಮಾತು ಅಂದಿದ್ಲು. ಕೆತ್ತಿಸ್ದೋರಿಗೆ ಇದು ಒಡೆಯೋದು ಅಂತ ಗೊತ್ತಿತ್ತಂತೆ. ಎಲ್ಲಿ ಒಡೀತದೆ ಅಂತ ಗೊತ್ತಿರ್ಲಿಲ್ಲ. ಇಷ್ಟುದ್ದ ಐತಲ್ಲ, ಅದು ಕಾಣೋ ಹೊತ್ಗೆ ನಾವು ಇರಾಕಿಲ್ಲ ಅಂದ್ಕಂಡ್ರಂತೆ."

"ಈ ಬಾಗಿಲು ಯಾವತ್ತಾದ್ರೂ ತೆಗೆದವ್ರಾ?"

ಅಜ್ಜಿ ಮೊಣಕಾಲ ಮೇಲೆ ಕೈಯೂರಿ ಎದ್ದು, ಗಿಂಡಿ ತೆಗೆದುಕೊಂಡು, ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟಳು. ಎಣ್ಣೆ ಹಳೆಯ ಎಣ್ಣೆಯ ಮೇಲೆ ಹರಿದು ಇಳಿಯಿತು. ತಾಯಿ ಅದನ್ನು ನೋಡಿ ಮನೆಗೆ ಬಂದಳು.

ಗಂಡನಿಗೆ ಹೇಳಿದಳು. ಅವನು ಒಳ್ಳೆಯವನು, ಕೆಟ್ಟವನಲ್ಲ. "ಇಷ್ಟು ಜನ ಹಿರೀಕರು ತಪ್ಪು ಅಂತೀಯಾ? ಕೂಸಿನ ಆಟಾನ ನಂಬ್ಕಂಡು ಹೆದರ್ಬ್ಯಾಡ. ಏನೋ ಒಂದು ಉಳೀತದೆ" ಎಂದು ಮಗ್ಗುಲು ಬದಲಿಸಿದ.

ತಾಯಿ ಅಡುಗೆಮನೆಯ ಹುಣಿಸೆಯಿಂದ ಒಂದು ಬೀಜ ಆರಿಸಿ ತೊಳೆದು ಒಣಗಿಸಿದಳು. ಕೂಸಿನ ಲಂಗದ ಅಂಚಿನಲ್ಲಿ ಸಣ್ಣ ಚೀಲದ ಹಾಗೆ ಮಡಿಚಿ ಅದನ್ನು ಒಳಗಿಟ್ಟಳು. ಒಂದು ಬೀಜ ಇದ್ದರೂ ಪಂಕ್ತಿಯ ಕಟ್ಟಕಡೆಯಲ್ಲಿ ಒಂದು ಎಲೆ ಬೀಳುತ್ತದೆ, ಒಂದು ಹೆಸರು ಬರುತ್ತದೆ, ಮಗಳು ಗೋಡೆಯೊಳಗೆ ಇರುತ್ತಾಳೆ. ಅವಳಿಗೆ ಅಷ್ಟು ಸಾಕಾಗಿತ್ತು. ಹೆಸರನ್ನು ಕೂಡ ಬಸುರಿಯಾಗಿದ್ದಾಗಲೇ ಗೊತ್ತುಮಾಡಿಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ.

"ನೋಡು ಮಗ. ಕೊನೇ ಕಲ್ಲಿನ ಹತ್ರ ಹೋದಾಗ ಇದನ್ನ ಮೆಲ್ಲಗೆ ಮಡಿಲಿಗೆ ಬಿಟ್ಕೋಬೇಕು. ಯಾರೂ ನೋಡ್ಬಾರ್ದು."

"ಯಾಕವ್ವಾ?"

"ನಾನು ಹೇಳ್ತೀನಿ, ಅದಕ್ಕೆ."

"ಆಟಾನಾ?"

"ಹೂಂ. ಆಟ."

ಇದೊಂದು ಕಡೆ ಆ ತಾಯಿ ತಪ್ಪಿದಳು ಎಂದು ಆಮೇಲೆ ನಮ್ಮಲ್ಲಿ ಬಹಳ ಜನ ಹೇಳಿದರು. ಕಾರಣ ಹೇಳಬೇಕಿತ್ತಂತೆ. ಏನೂ ಉಳಿಯದಿದ್ದರೆ ನಿನ್ನನ್ನು ಬಯಲಿಗೆ ತಳ್ಳುತ್ತಾರೆ, ತಳ್ಳುವವರು ನಿನ್ನ ಅತ್ತೆಯರು, ಚಿಕ್ಕಮ್ಮಂದಿರು, ನಿನಗೆ ಬೆಲ್ಲ ಕೊಡುವ ಪಕ್ಕದ ಮನೆಯವರು ಎಂದು ಹಾಲುಹಲ್ಲು ಬಿದ್ದ ಮಗುವಿಗೆ ಹೇಳುವ ಬಾಯಿ ಇವರಲ್ಲಿ ಯಾರಿಗಿತ್ತೋ ನಾನು ಕಾಣೆ.

ನಡಿಗೆ ಶುರುವಾಯಿತು. ಕೂಸು ಹೊಸ ಲಂಗ ಉಟ್ಟು ಮೊದಲ ಕಲ್ಲಿನ ಮುಂದೆ ನಿಂತಿತು. ಹತ್ತು ಪಟ್ಟು, ಕೂಡಿಸು, ಗುಡ್ಡೆ, ಮಿಕ್ಕಿದ್ದು. ಹತ್ತು ಪಟ್ಟು, ಕೂಡಿಸು, ಗುಡ್ಡೆ, ಮಿಕ್ಕಿದ್ದು. ಅದರ ಹಿಂದೆ ತೊಂಬತ್ತೊಂದರ ಗುಡ್ಡೆಗಳು ಗೋಡೆಯ ಬುಡದಲ್ಲಿ ಸಾಲು ಹಿಡಿದವು. ಬೇರೆ ಮಕ್ಕಳು ಅಳುತ್ತಾರೆ, ಹಸಿವು ಎನ್ನುತ್ತಾರೆ, ಎಣಿಕೆ ತಪ್ಪಿ ಬೈಸಿಕೊಳ್ಳುತ್ತಾರೆ. ಇದು ಹಾಡಿಕೊಂಡು ನಡೆಯಿತು. ತಾಯಿ ಪಕ್ಕದಲ್ಲೇ ಇದ್ದಳು, ಅವಳ ಕಣ್ಣು ಲಂಗದ ಅಂಚು ಬಿಟ್ಟು ಕದಲಲಿಲ್ಲ. ಊರು ಸುತ್ತಿ ಬಂತು. ಬಾಗಿಲು ಕಾಣಿಸಿತು. ಯಜಮಾನ ಗಂಟನ್ನು ಮುಂದೆ ಮಾಡಿಕೊಂಡು ಕುಳಿತಿದ್ದ. ನಾವೆಲ್ಲ ನಮ್ಮ ನಮ್ಮ ಸಾಲಿನಲ್ಲಿ ನಿಂತಿದ್ದೆವು. ಏಳು-ಹದಿಮೂರರ ಉಳಿಕೆ ಎಷ್ಟು ಬರುತ್ತದೋ ಎಂದು ನಮಗೆ ಕುತೂಹಲ, ಕೆಲವರಿಗೆ ಬಹಳ ಬಂದುಬಿಟ್ಟರೆ ಎಂಬ ಹೊಟ್ಟೆಕಿಚ್ಚು.

ಕೊನೆಯ ಕಲ್ಲು. ಮಡಿಲಲ್ಲಿದ್ದದ್ದನ್ನು ಹತ್ತು ಪಟ್ಟು ಮಾಡಿ, ಅಂಕಿಯನ್ನು ಕೂಡಿಸಿ, ಕೂಸು ನೆಲಕ್ಕೆ ಕುಳಿತು ಗುಡ್ಡೆ ಮಾಡತೊಡಗಿತು. ಒಂದು ಗುಡ್ಡೆ. ಇನ್ನೊಂದು. ಮತ್ತೊಂದು. ಕೊನೆಯ ಗುಡ್ಡೆಗೆ ಬೀಜ ಇಡುತ್ತ ಇಡುತ್ತ ಅದರ ಕೈ ನಿಧಾನವಾಯಿತು. ಕೊನೆಯ ಬೀಜ ಇಟ್ಟಿತು. ನೆಲದ ಮೇಲೆ ಬೇರೆ ಬೀಜ ಇರಲಿಲ್ಲ.

ತಾಯಿ ಕೆಮ್ಮಿದಳು. ಕೂಸು ಲಂಗದ ಅಂಚಿಗೆ ಕೈ ಹಾಕಿತು, ಬೀಜ ತೆಗೆಯಿತು, ಅಂಗೈಯಲ್ಲಿಟ್ಟು ನೋಡಿತು. ಆಮೇಲೆ ಗುಡ್ಡೆಗಳನ್ನು ನೋಡಿತು. ಮುಖ ಅರಳಿತು. ಎದ್ದು ತಾಯಿಯ ಬಳಿ ಓಡಿ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿತು:

"ಇದು ಬ್ಯಾಡ ಕಣವ್ವಾ! ಇದು ಹೆಚ್ಚಿಂದು. ನೋಡು, ಎಲ್ಲಾ ಸಮ ಆಗೋಯ್ತು! ಇಷ್ಟು ದೊಡ್ಡದು, ಒಂದೂ ಮಿಗ್ನಿಲ್ಲ!"

ಬೀಜವನ್ನು ತಾಯಿಯ ಕೈಗೆ ಕೊಟ್ಟು, ಲಂಗದ ಎರಡು ತುದಿ ಹಿಡಿದು ಮಡಿಲನ್ನು ನಮ್ಮ ಕಡೆಗೆ ಕೊಡವಿ ತೋರಿಸಿತು. ಅದರ ಇಡೀ ಆಯುಸ್ಸಿನಲ್ಲಿ ಅಷ್ಟು ದೊಡ್ಡ ಆಟ ಅದು ಗೆದ್ದಿರಲಿಲ್ಲ. ನಾವು ಚಪ್ಪಾಳೆ ತಟ್ಟುತ್ತೇವೆಂದು ಕಾದು ನಿಂತಿತು.

ಅಜ್ಜಿ ಕೇಳಲೇಬೇಕಿತ್ತು. ಕೇಳಿದಳು. "ಏನು ಉಳೀತು, ಕೂಸೇ?"

"ಏನೂ ಇಲ್ಲ ಅಜ್ಜೀ!"

ಯಜಮಾನನ ಮುಖ ಬಿಳಿಚಿತು. ಎಣಿಕೆ ತಪ್ಪಿರಬೇಕು ಎಂದ. ಕೊನೆಯ ಕಲ್ಲುಗಳ ಗುಡ್ಡೆಗಳನ್ನು ದೊಡ್ಡವರು ಎಣಿಸಿದರು. ತಪ್ಪಿರಲಿಲ್ಲ. ಊರಿನ ಪಳಗಿದವರು ಮೊದಲ ಕಲ್ಲಿನಿಂದ ಮತ್ತೆ ನಡೆದು ಬಂದರು. ಅವರ ಮಡಿಲೂ ಬರಿದಾಗಿತ್ತು. ಅವರು ಮಡಿಲು ಕೊಡವಲಿಲ್ಲ, ಮುದುರಿಕೊಂಡರು. ಅಷ್ಟು ಹೊತ್ತಿಗೆ ತಾಯಿಗೆ ತಡೆಯಲಾಗಲಿಲ್ಲ.

"ಕೂಸೊಬ್ಬಳದ್ದೇ ಏನು ನೋಡ್ತೀರಿ? ಏಳರ ಮನೆಯೋರು ಗಂಟು ಬಿಚ್ಚಿ ಏಳೇಳರಂಗೆ ಎಣಿಸ್ಕಳಿ. ಹದಿಮೂರರೋರು ಹದಿಮೂರರಂಗೆ ಎಣಿಸ್ಕಳಿ. ಇದು ಇವತ್ತು ಒಡೆದದ್ದಲ್ಲ. ಭಾವಾ, ಮೊದ್ಲು ನಿಮ್ದು ಬಿಚ್ಚಿ."

ಕೆಲವರು ಬಿಚ್ಚಿದರು, ಎಣಿಸಿದರು, ಬೇಗ ಬೇಗ ಕಟ್ಟಿಕೊಂಡರು. ಯಜಮಾನ ಬಿಚ್ಚಲಿಲ್ಲ. ನೂರ ಹನ್ನೆರಡರ ಗಂಟಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತ. ಕೂಸು ಅವನ ಬಳಿ ಹೋಗಿ, ಅವನ ಮೊಣಕಾಲು ಹಿಡಿದು ಕೇಳಿತು:

"ದೊಡ್ಡಪ್ಪಾ, ಸಮ ಆದ್ರೆ ಒಳ್ಳೇದಲ್ವಾ? ಎಲ್ರಿಗೂ ಒಂದೇ ಸಮ ಹಂಚ್ಬೌದು. ಯಾರೂ ಮಿಗಾಕಿಲ್ಲ."

ಯಜಮಾನ ಆ ಕೂಸನ್ನು ಎತ್ತಿ ಆಡಿಸಿದವನು. ಅವನು ಒಂದು ಕೈ ಎತ್ತಿ ಅದರ ತಲೆ ಸವರಿದ. ಆಮೇಲೆ ಅವನು ಮುಂದಿನ ಸಾಲನ್ನು ನೋಡಿದ, ತನ್ನ ಜಾಗವನ್ನು ನೋಡಿದ, ಗಂಟನ್ನು ನೋಡಿದ. "ಕಟ್ಟಳೆ ನಾನು ಮಾಡಿದ್ದಲ್ಲ" ಎಂದ. "ಏನೂ ಉಳಿಯದೋರಿಗೆ ಊರಿಲ್ಲ. ಬಾಗಿಲು ತೆಗೀರಿ."

ಬಾಗಿಲು ತೆಗೆದರು. ಯಾವತ್ತೂ ತೆಗೆದಿಲ್ಲ ಎಂದು ನಮಗೆ ಹೇಳಿಕೊಟ್ಟಿದ್ದ ಆ ಬಾಗಿಲು ಒಂದಿಷ್ಟೂ ಕಿರುಗುಡಲಿಲ್ಲ. ಎಣ್ಣೆ ಕುಡಿದ ತಿರುಗಣಿಯ ಮೇಲೆ ಸಲೀಸಾಗಿ ತಿರುಗಿತು. ಹೊರಗೆ ಬಿಳಿ ಬಯಲು, ಬಿಸಿಲು. ಹೊಸ್ತಿಲಿನಾಚೆ, ಗಾಳಿಗೆ ಮಣ್ಣು ಸರಿದ ಕಡೆ, ಬಣ್ಣ ಹೋದ ಒಂದು ಚಿಕ್ಕ ಲಂಗದ ತುಂಡು ಕಾಣಿಸುತ್ತಿತ್ತು. ಅದರ ಆಚೆಗೆ ಇನ್ನೊಂದು. ನಾವು ಕಣ್ಣು ಬೇರೆ ಕಡೆ ಹೊರಳಿಸಿದೆವು.

ಆಗ ಕೂಸಿಗೆ ಆಟ ಮುಗಿಯಿತೆಂದು ತಿಳಿಯಿತು. ನಗು ಹೋಯಿತು. "ಅವ್ವಾ, ನಾನು ಆ ಬೀಜ ಹಾಕ್ಕೋತೀನಿ, ಕೊಡು" ಎಂದಿತು. ಯಾರೂ ಒಪ್ಪುವಂತಿರಲಿಲ್ಲ. ಎಲ್ಲರೂ ನೋಡಿಯಾಗಿತ್ತು.

ತಾಯಿ ತನ್ನ ಸೊಂಟದ ಗಂಟು ಬಿಚ್ಚಿದಳು. ಬಟ್ಟೆಯನ್ನು ತಲೆಕೆಳಗು ಮಾಡಿದಳು. ಇಪ್ಪತ್ತಾರು ಬೀಜವೂ ಕಲ್ಲುಹಾಸಿನ ಮೇಲೆ ಉದುರಿ ಉರುಳಿ ಹೋದವು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

"ನಂದೂ ಏನೂ ಉಳೀಲಿಲ್ಲ" ಎಂದಳು. "ಈಗ ನನಗೂ ಊರಿಲ್ಲ. ಅಲ್ವಾ ಭಾವಾ? ಕಟ್ಟಳೆ ಸರಿಯಾಗಿ ಐತಲ್ಲ?"

ಅವಳು ಗಂಡನ ಕಡೆ ತಿರುಗಿ, "ಬತ್ತೀಯಾ?" ಎಂದು ಕೇಳಿದಳು. ಗಂಡ ಅಳುತ್ತಿದ್ದ. ಅಳುತ್ತಲೇ ತನ್ನ ಗಂಟಿಗೆ ಕೈ ಹಾಕಿದ. ಬಿಚ್ಚುತ್ತಾನೆ ಎಂದುಕೊಂಡೆವು. ಬೆರಳು ಗಂಟಿನ ಮೇಲೆ ಓಡಾಡಿತು, ಹಾಗೇ ನಿಂತಿತು. ಅವಳು ಅವನಿಗಾಗಿ ಒಂದಷ್ಟು ಹೊತ್ತು ಕಾದಳು. ಆಮೇಲೆ ಕೂಸಿನ ಕೈ ಹಿಡಿದುಕೊಂಡು ಹೊಸ್ತಿಲು ದಾಟಿದಳು. ಬಾಗಿಲಜ್ಜಿ ಬಾಗಿಲು ಮುಚ್ಚಿದಳು.

ಮುಚ್ಚಿದ ಬಾಗಿಲಿನ ಆಚೆಯಿಂದ ತಾಯಿಯ ದನಿ ಕೇಳಿಸಿತು. ಕೂಸು ಮುಂದೆ ಓಡಿತ್ತೋ, ಹಿಂದೆ ಉಳಿದಿತ್ತೋ. ಅವಳು ಕರೆಯುತ್ತಿದ್ದಳು.

"ಹೊಂಬಾಳಮ್ಮಾ! ಬಾ ಮಗ, ನೆರಳು ನೋಡ್ಕಂಡು ಹೋಗನ. ಹೊಂಬಾಳಮ್ಮಾ!"

ಹೆಸರು ಕೊಡುವ ಅಧಿಕಾರ ಆಕೆಗೆ ಇರಲಿಲ್ಲ. ಆದರೂ ಕೊಟ್ಟಳು, ಮತ್ತೆ ಮತ್ತೆ ಕರೆದಳು, ಆ ಹೆಸರು ಸಣ್ಣದಾಗುತ್ತ ಹೋಗಿ ಕೇಳಿಸದಾಯಿತು. ಗಂಡ ನೆಲದ ಮೇಲೆ ಕುಳಿತು ಅವಳ ಬೀಜಗಳನ್ನು ಒಂದೊಂದಾಗಿ ಆರಿಸುತ್ತಿದ್ದ. ಯಾರೋ ಅವನ ಭುಜ ಹಿಡಿದು ಮನೆಗೆ ಕರೆದುಕೊಂಡು ಹೋದರು. ನನಗೆ ಈಗಲೂ ಊಟಕ್ಕೆ ಕುಳಿತಾಗ ಆ ಹೆಸರು ಕಿವಿಯಲ್ಲಿ ಬರುತ್ತದೆ, ತುತ್ತು ಇಳಿಯುವುದಿಲ್ಲ. ಮುಂದಿನ ಸಾಲಿನವರಿಗೂ ಹಾಗೇ ಆಗುತ್ತದೆಯೇ ಎಂದು ಕೇಳಿಲ್ಲ.

ಒಡೆದ ದೊಡ್ಡೆಣಿಕೆಯನ್ನು ಇಟ್ಟುಕೊಂಡು ಬದುಕುವುದು ಹೇಗೆ ಎಂದು ಊರು ಕೂತು ಯೋಚಿಸಿತು. ಯಜಮಾನನೇ ದಾರಿ ಹೇಳಿದ. ಕೊನೆಯ ಕಲ್ಲಿನ ಪಕ್ಕದಲ್ಲಿ ಇನ್ನೊಂದು ಕಲ್ಲು ನಿಲ್ಲಿಸಿ, ಅದರ ಮೇಲೆ ಒಂದು ಎಂದು ಕೆತ್ತಿಸಿದರು. ಇನ್ನು ಮೇಲೆ ಏಳರವರಿಗೂ ಹದಿಮೂರರವರಿಗೂ ಏನಾದರೊಂದು ಉಳಿಯುತ್ತದೆ, ಊರು ಗಟ್ಟಿಯಾಯಿತು ಎಂದ. ಹಳಬರು ಹೊಸದಾಗಿ ನಡೆಯಬೇಕಿಲ್ಲ, ಅವರವರ ಗಂಟು ಅವರವರಿಗೆ ಇರಲಿ ಎಂದೂ ತೀರ್ಮಾನ ಕೊಟ್ಟ. ನೂರ ಹನ್ನೆರಡು ಬಿಡಲು ಅವನಿಗೆ ಮನಸ್ಸಾಗುವುದೆಂದು ನಾವೂ ತಿಳಿದಿರಲಿಲ್ಲ.

ಆದರೆ ಒಂದು ಕಲ್ಲು ಸೇರಿದ ಕೂಡಲೇ ಎಲ್ಲ ಜೋಡಿಗಳ ಉಳಿಕೆಯೂ ಬದಲಾಯಿತು. ನಿನ್ನೆ ತನಕ ಬೆರಳು ಮಡಿಚಿ ಹೇಳುತ್ತಿದ್ದವರಿಗೆ ಈಗ ಹಳೆಯ ಗಂಟು ಬಿಚ್ಚಿ, ಹತ್ತು ಪಟ್ಟು ಮಾಡಿ, ಒಂದು ಕೂಡಿಸಿ ನೋಡುವ ಧೈರ್ಯವೂ ಇಲ್ಲ. ಈ ಹೊಸ ದೊಡ್ಡೆಣಿಕೆ ಎಲ್ಲಿ ಒಡೆಯುತ್ತದೆ? ಹತ್ತೊಂಬತ್ತಕ್ಕೋ, ಇಪ್ಪತ್ತಮೂರಕ್ಕೋ? ಒಡೆಯುವುದಂತೂ ಒಡೆಯುತ್ತದೆ ಎಂದು ಈಗ ನಮಗೆಲ್ಲ ಗೊತ್ತು. ಯಾವ ಮನೆಯಲ್ಲಿ ಎಂದು ಗೊತ್ತಿಲ್ಲ. ತೊಟ್ಟಿಲು ತೂಗುವ ಹೆಂಗಸರು ಹಾಡು ನಿಲ್ಲಿಸಿ ಗೋಡೆಯನ್ನು ನೋಡುತ್ತಾರೆ. ಗಟ್ಟಿಯಾದ ಊರು ಎಂದರೆ ಇದೇ ಇರಬೇಕು.

ಮೊನ್ನೆ ಹೊಸ ಕಲ್ಲಿನ ತನಕ ಮೊದಲ ಕೂಸು ನಡೆಯಿತು. ಹದಿನೇಳರ ಮನೆಯ ಹೆಣ್ಣು ಕೂಸು, ತಾಯಿಯ ತವರು ಇಪ್ಪತ್ತಮೂರು. ಅದು ಹಾಡಲಿಲ್ಲ. ಗುಡ್ಡೆ ಮಾಡುವಾಗ ಒಂದೊಂದು ಬೀಜವನ್ನೂ ಎರಡೆರಡು ಸಲ ಎಣಿಸುತ್ತಿತ್ತು. ಅದಕ್ಕೆ ಯಾರೋ ಕಾರಣ ಹೇಳಿದ್ದರು. ಕೊನೆಯ ಗುಡ್ಡೆ ಮಾಡಿ ಎದ್ದಿತು.

"ಏನು ಉಳೀತು, ಕೂಸೇ?"

ಕೂಸು ಮಡಿಲು ಬಿಚ್ಚಲು ಕೈ ಎತ್ತಿದಾಗ ರವಿಕೆಯ ತೋಳಿನಿಂದ ಒಂದು ಬೀಜ ಜಾರಿ, ಟಪ್ ಎಂದು ಮಡಿಲಿಗೆ ಬಿತ್ತು. ನಾವೆಲ್ಲ ನೋಡಿದೆವು. ಯಜಮಾನ ನೋಡಿದ. ಕೂಸು ನಮ್ಮ ಮುಖಗಳನ್ನು ನೋಡುತ್ತ, "ಇಷ್ಟು ಉಳೀತು" ಎಂದಿತು. ಅದರ ತಾಯಿ ಕಣ್ಣು ಮುಚ್ಚಿಕೊಂಡಿದ್ದಳು.

"ಉಳಿದದ್ದು ಉಳಿಸಲಿ" ಎಂದೆವು. ಹಿಂದೆ ಎಂದೂ ಅಷ್ಟು ಜೋರಾಗಿ ಹೇಳಿರಲಿಲ್ಲ. ಏಕೆಂದರೆ ಅಲ್ಲಿ ನಿಂತಿದ್ದ ಪ್ರತಿ ತಾಯಿಯೂ ತನ್ನ ಮಗುವಿನ ಬಟ್ಟೆಯ ಯಾವುದೋ ಒಂದು ಮಡಿಕೆಯಲ್ಲಿ ಒಂದು ಬೀಜ ಹೊಲಿದಿಟ್ಟಿದ್ದಳು, ಪಕ್ಕದವಳ ಮಡಿಕೆಯನ್ನೂ ಓರೆಗಣ್ಣಿನಿಂದ ನೋಡುತ್ತಿದ್ದಳು.

ಕೂಸಿಗೆ ಹೆಸರಿಟ್ಟರು, ಎಲೆ ಹಾಕಿದರು. ನಾವು ನಮ್ಮ ನಮ್ಮ ಸಾಲಿನಲ್ಲಿ ಊಟಕ್ಕೆ ಕುಳಿತೆವು. ಬಾಗಿಲಜ್ಜಿ ಮೊಣಕಾಲ ಮೇಲೆ ಕೈಯೂರಿ ಎದ್ದು, ಗಿಂಡಿ ತೆಗೆದುಕೊಂಡು ಹೋಗಿ, ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟಳು.